ನಾಯಿ ಬಿಟ್ಟು ಒಳಗ ಬರ್ರಿ

ಖಾನಾಪುರದಾಚೆಯ ಕಾಡಿನ ಗೇಟಿನಲ್ಲಿ ಗಾರ್ಡ್ ಆಗಿ ನಿಂತು ಹನ್ನೊಂದು ವರ್ಷವಾಯಿತು. ಹುಲಿ ಕಂಡದ್ದು ಎರಡೇ ಸಲ. "ನಾಯಿಗಳಿಗೆ ಪ್ರವೇಶವಿಲ್ಲ" ಎಂಬ ಬೋರ್ಡಿನ ಕೆಳಗೇ ನಾಯಿ ಹಿಡಿದು ನಿಂತು, "ನಾಯಿ ಬಿಡ್ತೀರೇನ್ರಿ?" ಎಂದು ಕೇಳುವ ಸುಶಿಕ್ಷಿತರು ಮಾತ್ರ ಪ್ರತಿ ರವಿವಾರ ತಪ್ಪದೆ ಕಾಣುತ್ತಾರೆ.

೧. ಮೂರು ವರ್ಷದ ಮಗ

ಬೆಳಗಾವಿ ಕ್ಯಾಂಪಿನಿಂದ ಗಂಡ ಹೆಂಡತಿ ಕಾರಿನಲ್ಲಿ ಬಂದರು. ಹೆಂಡತಿಯ ತೊಡೆಯ ಮೇಲೆ ಸ್ವೆಟರ್ ತೊಟ್ಟ ಪಮೇರಿಯನ್.

"ಅಕ್ಕಾರ, ನಾಯಿ ಬಿಡಾಂಗಿಲ್ರಿ."

"ನಾಯಿ ಅನಬ್ಯಾಡ್ರಿ. ಇಂವ ನಮ್ಮ ಮಗ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲಂತ ನೀವ ಬರದೀರಿ. ಇವಂಗ ಮೂರು."

"ಹಂಗಾರ ಕೆಳಗ ಇಳಸ್ರಿ. ಎರಡು ಕಾಲಿನ ಮ್ಯಾಲ ನಡಕೋತ ಬಂದ್ರ ಬಿಡ್ತೀನಿ."

ಅಕ್ಕಾವರು ಸಿಟ್ಟಿನಿಂದ ಮಗನ ಜೊತೆ ಕಾರಿನಲ್ಲೇ ಉಳಿದರು. ಗಂಡ ಒಬ್ಬರೇ ಒಳಗೆ ಹೋಗಿ, ಮೂರು ತಾಸು ತಿರುಗಾಡಿ, ಮದುಮಗನ ಕಳೆ ಹೊತ್ತು ಮರಳಿದರು. ನನ್ನನ್ನು ಬಾಜೂಕ ಕರೆದು ಮೆಲ್ಲಗೆ ಕೇಳಿದರು: "ಈ ಬೋರ್ಡು ಎಲ್ಲಿ ಬರಸೀರಿ? ನಮ್ಮ ಬೆಡ್‌ರೂಮಿಗೊಂದು ಬೇಕಾಗಿತ್ತು."

೨. ಅಣ್ತಮ್ಮಂದ್ರು

ಬೆಳಗಾವಿ ಆಟೋ ನಗರದ ಗ್ಯಾರೇಜ್ ಮಾಲೀಕರೊಬ್ಬರು ಕರುವಿನಷ್ಟು ದೊಡ್ಡ ಅಲ್ಸೇಶಿಯನ್ ತಂದಿದ್ದರು. ಪಕ್ಕದ ಫಲಕದಲ್ಲಿದ್ದ ಕಾಡುನಾಯಿಯ ಚಿತ್ರ ತೋರಿಸಿ ವಾದಕ್ಕೆ ನಿಂತರು.

"ಇವು ಒಳಗ ಅಡ್ಡಾಡಬಹುದು, ನಮ್ಮದು ಯಾಕ ಬ್ಯಾಡ? ಒಂದ ಕುಲ, ಅಣ್ತಮ್ಮಂದ್ರ ಆಗಬೇಕು. ಭೆಟ್ಟಿ ಆಗ್ಲಿ ಬಿಡ್ರಿ."

"ಅಣ್ತಮ್ಮಂದ್ರು ಅಂತನ ಬಿಡಾಂಗಿಲ್ರಿ. ನಿಮಗೂ ಅಣ್ತಮ್ಮಂದ್ರು ಇರಬೇಕಲ್ಲ? ಅವ್ರ ಹೊಲದಾಗ ನೀವು ಕಾಲಿಟ್ರ ಏನಾಕ್ಕೈತಿ?"

ಮಾಲೀಕರು ನಾಯಿಯ ಬೆನ್ನು ಸವರಿ, "ನಡೀಪಾ, ಜೀಂವ ಉಳದ್ರ ಸಾಕು" ಎಂದರು.

೩. ಲಿಖಿತ ಉತ್ತರ

ನಮ್ಮ ದೊಡ್ಡ ಸಾಹೇಬರು ಬಲು ಬಿಗಿ. ಒಂದು ನಾಯಿ ಒಳಗೆ ಬಿಟ್ಟನೆಂದು ಬಾಜು ಗೇಟಿನ ಗಾರ್ಡನ್ನು ಸಸ್ಪೆಂಡ್ ಮಾಡಿದವರು. ನನಗೋ, ಖಾನಾಪುರ ಬಸ್ ಸ್ಟ್ಯಾಂಡಿನಿಂದ ಬೆನ್ನು ಹತ್ತಿ ಬಂದ ಒಂದು ಕರಿ ನಾಯಿ. ಕರಿಯ ಎಂದೇ ಕರೆಯುತ್ತಿದ್ದೆ. ಗೇಟಿನ ಹೊರಗೇ ಮಲಗುತ್ತಿತ್ತು.

ಒಂದು ರವಿವಾರ ಸಾಹೇಬರ ಜೀಪು ಬಂತು. ಹಿಂದಿನ ಕಿಟಕಿಗೆಲ್ಲ ಪರದೆ. ಇಳಿದವರೇ ಗುಡುಗಿದರು.

"ಈ ನಾಯಿ ಯಾರದು?"

"ಗೊತ್ತಿಲ್ರಿ, ಸಾಹೇಬ್ರ."

ಕರಿಯ ಎದ್ದು ಬಂದು, ಬಾಲ ಅಲ್ಲಾಡಿಸುತ್ತ ನನ್ನ ಕೈ ನೆಕ್ಕಿದ.

"ಗೊತ್ತಿಲ್ಲೇನು? ಈಗಿಂದೀಗ ಬರದು ಕೊಡು! ಗೇಟಿನ್ಯಾಗ ಕಂಡ ನಾಯಿ ಯಾರದು, ಹೆಂಗ ಬಂತು, ಎಲ್ಲಾ!"

ನೌಕರಿ ಹೋಯಿತು, ಇನ್ನು ಮನೆಯಲ್ಲಿ ಏನು ಹೇಳಲಿ ಎಂದುಕೊಳ್ಳುತ್ತ ಬರೆಯತೊಡಗಿದೆ. ಅಷ್ಟರಲ್ಲಿ ಕರಿಯ ಜೀಪಿನ ಹಿಂಬದಿ ಮೂಸಿ ಬೊಗಳಿದ. ಒಳಗಿನಿಂದ ಅವನಿಗಿಂತ ದಪ್ಪ ದನಿಯಲ್ಲಿ ಉತ್ತರ ಬಂತು. ಪರದೆ ಸರಿಯಿತು, ಕಂದು ಬಣ್ಣದ ಲ್ಯಾಬ್ರಡಾರ್ ಒಂದು ಮೂತಿ ಹೊರಗೆ ಹಾಕಿತು.

ಡ್ರೈವರ್ ಆಕಾಶದ ಕಡೆ ನೋಡಿದ. ಸಾಹೇಬರು ನನ್ನನ್ನು ನೋಡಿದರು. ನಾನು ಕಾಗದ ನೋಡಿ, ಬರೆದದ್ದನ್ನು ತಿದ್ದಿ, ಇನ್ನೊಂದು ಸಾಲು ಸೇರಿಸಿ ಕೊಟ್ಟೆ.

"ಗೇಟಿನಲ್ಲಿ ಕಂಡ ನಾಯಿಗಳು ಎರಡು. ಕರಿಯದು ನನ್ನದು, ನಡೆದು ಬಂದಿದೆ. ಕಂದು ಬಣ್ಣದ್ದು ತಮ್ಮದು, ಸರಕಾರಿ ಜೀಪಿನಲ್ಲಿ ಬಂದಿದೆ. ಇಂತಿ ತಮ್ಮ ವಿಧೇಯ."

ಸಾಹೇಬರು ಎರಡು ಸಲ ಓದಿದರು. ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡರು.

"ಅಕ್ಷರ ಚಂದ ಅದಾವ" ಎಂದವರೇ ಜೀಪು ಹತ್ತಿ, ಬಂದ ದಾರಿಯಲ್ಲೇ ಹೊರಟುಹೋದರು.