ಬೆಂಕಿ ಆರಿದ್ದಕ್ಕೆ ಸಾಕ್ಷಿ

"ಹಚ್ಚಿದೋರು ಯಾರೂ ಹಚ್ಚಿದ್ವಿ ಅನ್ನಲ್ಲ ಮೇಡಮ್ಮಾರೆ. ಬಿಟ್ಟು ಹೋದೋರೆಲ್ಲ ಆರ್ಸಿದ್ವಿ ಅಂತಾರೆ. ಎರಡನ್ನೂ ನಂಬಬ್ಯಾಡ್ರಿ." ನಾನು ಹೊಸದುರ್ಗದ ಕಡೆಯ ಪಂಚಾಯ್ತಿಗೆ ಕಾರ್ಯದರ್ಶಿಯಾಗಿ ಬಂದ ಹೊಸದರಲ್ಲಿ ಹೀಗೆಂದು ಮೊದಲು ಹೇಳಿದ್ದು ಕುರಿ ಕಾಯುವ ಅಜ್ಜ.

ಕಚೇರಿಯ ಹಿಂದೆಯೇ ಗುಡ್ಡ. ಮಳೆ ಬರುವ ತನಕ ಅಜ್ಜನ ಕುರಿಗಳಿಗೆ ಅಲ್ಲಿನ ಒಣಹುಲ್ಲೇ ಊಟ. ಒಂದು ಕಿಡಿ ಬಿದ್ದರೆ ಊಟ ಮುಗಿಯಿತು. ಹಾಗಾಗಿ ಶಿವರಾತ್ರಿ ಕಳೆದದ್ದೇ ತಡ, ಗುಡ್ಡ, ಹೊಲ, ಬದು ಎಲ್ಲೂ ಬೆಂಕಿ ಹಚ್ಚುವಂತಿಲ್ಲ ಎಂದು ಆಟೋಗೆ ಮೈಕ್ ಕಟ್ಟಿ ಸಾರಿಸುತ್ತೇನೆ. ಸಾರಿಸಿದ ಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಫೈಲು ನೋಡುವುದು ಅರ್ಧ, ಕಿಟಕಿ ನೋಡುವುದು ಅರ್ಧ. ಎಷ್ಟು ಕಾದರೂ ಪ್ರತಿ ಬೇಸಿಗೆ ಏನಾದರೊಂದು ಆಗಿಯೇ ಆಗುತ್ತದೆ.

ಫ್ಯಾನು

ಮೈಕ್ ಕೂಗಿದ ಮಾರನೆಯ ದಿನ ಒಬ್ಬರು ರೈತರು ಬಂದರು. ಕೊಯ್ದ ಮೇಲೆ ಹೊಲದಲ್ಲಿ ಉಳಿದ ಮೆಕ್ಕೆಜೋಳದ ಕೂಳೆ ಸುಡಬೇಕಂತೆ. ಇಷ್ಟು ಗಾಳಿಯಲ್ಲಿ ಸುಟ್ಟರೆ ಗುಡ್ಡಕ್ಕೇ ಹತ್ತುತ್ತದೆ ಎಂದೆ. ಅವರಿಗೆ ಅದು ಒಪ್ಪಿಗೆಯಾಯಿತು. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ತಿರುಗುತ್ತಿದ್ದ ವಿದ್ಯುತ್ ಗಾಳಿಯಂತ್ರಗಳನ್ನು ತೋರಿಸಿ, "ಹಂಗಾದ್ರೆ ಆ ಫ್ಯಾನು ಒಂದು ತಾಸು ಆಫ್ ಮಾಡ್ಸಿ ಮೇಡಂ" ಅಂದರು.

ಫ್ಯಾನಿನಿಂದ ಗಾಳಿಯಲ್ಲ, ಗಾಳಿಯಿಂದ ಫ್ಯಾನು ಎಂದು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದೆ. ಅವರು ನನ್ನ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಒಮ್ಮೆ ನೋಡಿ, ಓದಿದವರ ಜೊತೆ ವಾದ ಯಾಕೆ ಎಂಬಂತೆ ಎದ್ದು ಹೋದರು.

ಎರಡು ದಿನಕ್ಕೆ ಗಾಳಿ ತಾನಾಗಿಯೇ ಬಿತ್ತು. ಗುಡ್ಡದ ಮೇಲೆ ಒಂದು ರೆಕ್ಕೆಯೂ ಅಲುಗಲಿಲ್ಲ. ರೈತರು ಎರಡು ಎಳನೀರು ಹಿಡಿದು ಬಂದು ಮೇಜಿನ ಮೇಲಿಟ್ಟರು. ನನ್ನ ಮಾತು ಅಲ್ಲಿಯವರೆಗೂ ನಡೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಗಾಳಿ ಇಲ್ಲದಿದ್ದರೂ ಸುಡುವಂತಿಲ್ಲ, ಕೂಳೆಯನ್ನು ಉತ್ತು ಮಣ್ಣಿಗೆ ಸೇರಿಸಿ ಎಂದೆ. ಅವರು ಹೆಗಲ ಮೇಲಿನ ಟವೆಲ್‌ನಿಂದ ಬೆವರು ಒರೆಸಿಕೊಂಡರು.

"ಸುಡೋಹಂಗೇ ಇಲ್ಲ ಅಂದ್ರೆ ಮತ್ತೆ ಆನ್ ಮಾಡ್ಸಿಬಿಡ್ರಿ. ಭಾಳ ಸೆಕೆ ಐತೆ."

ಹೊಗೆ

ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಗುಡ್ಡದ ಬುಡದಲ್ಲಿ ಬೂದು ಹೊಗೆ. ಕೈ ಒರೆಸಿಕೊಳ್ಳದೆ ಸ್ಕೂಟರ್ ಹತ್ತಿ ಓಡಿದೆ. ಹೋಗಿ ನೋಡಿದರೆ ಹೊಗೆಯಲ್ಲ, ಅಜ್ಜನ ಕುರಿಗಳು ಎಬ್ಬಿಸಿದ ಧೂಳು. ಬೆಂಕಿ ಅಂದುಕೊಂಡೆ ಎಂದದ್ದಕ್ಕೆ ಅಜ್ಜ, "ನಮ್ ಕುರಿ ಬೀಡಿ ಸೇದಲ್ಲ ಮೇಡಮ್ಮಾರೆ" ಅಂದ.

ಅಷ್ಟರಲ್ಲಿ ಪಕ್ಕದ ಮನೆಯಾಕೆಯ ಫೋನು. ನಾನು ಒಲೆಯ ಮೇಲೆ ಬಿಟ್ಟು ಬಂದಿದ್ದ ಹಾಲು ಸೀದು, ಹೊಗೆ ಬೀದಿಗೆ ಬಂದಿತ್ತಂತೆ. ಗ್ಯಾಸು ಆರಿಸಿಯೇ ಆಕೆ ಫೋನು ಮಾಡಿದ್ದರು. "ಅಲ್ಲ ಮೇಡಂ, ಮೈಕ್ನಾಗೆ ಹೇಳಿದ್ದು ನಿಮ್ಮನೆ ಬಿಟ್ಟಾ?"

ಸಾಹೇಬರು

ಆ ವಾರವೇ ಮೇಲಿನ ಕಚೇರಿಯ ಸಾಹೇಬರು ಗುಡ್ಡ ನೋಡಲು ಬಂದರು. ಬೆಂಕಿ ದಾಟದಿರಲೆಂದು ಹುಲ್ಲು ಸವರಿ ಮಾಡಿದ್ದ ಗೆರೆಯನ್ನು ನೋಡಿ ಮೆಚ್ಚಿದರು. ಹತ್ತಿದ ಆಯಾಸಕ್ಕೆ ಚಹಾ ಬೇಕೆನಿಸಿತು. ಡ್ರೈವರ್ ಆ ಗೆರೆಯ ಮೇಲೆಯೇ ಮೂರು ಕಲ್ಲಿಟ್ಟು ಪುಳ್ಳೆ ಹೊತ್ತಿಸಿದ. ಸರ್, ನಿಷೇಧ ಇದೆ ಎಂದು ನಾನು ಮೆಲ್ಲಗೆ ಅಂದೆ. ಅದು ಹಚ್ಚುವ ಬೆಂಕಿಗಂತೆ, ಇದು ಕಾಯಿಸುವ ಬೆಂಕಿಯಂತೆ.

ಚಹಾ ಕುಡಿದು, ಲೋಟದ ತಳದಲ್ಲಿ ಉಳಿದದ್ದನ್ನು ಬೂದಿಗೆ ಚೆಲ್ಲಿ, "ಆಯ್ತು, ಆರಿತು, ನಡೀರಿ" ಅಂದರು. ಗಾಳಿ ಏಳುತ್ತಿತ್ತು. ನನ್ನ ಕಾಲು ಮುಂದಕ್ಕೆ ಬರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಅಜ್ಜ ಹತ್ತಿ ಬಂದ. ಬೂದಿ ನೋಡಿದ, ಆಚೆಗಿದ್ದ ತನ್ನ ಹುಲ್ಲು ನೋಡಿದ.

"ಆರೈತಾ ಸಾಹೇಬ್ರೆ?"

"ಪೂರ್ತಿ ಆರಿದೆ."

"ಹಂಗಾದ್ರೆ ಅದ್ರ ಮ್ಯಾಲೆ ಕುಂತ್ಕಳ್ರಿ. ನಮ್ಮಪ್ಪ ಹಿಂಗೇ ನೋಡ್ತಿದ್ದ. ಕುಂತೋನು ಎದ್ರೆ ಆರಿಲ್ಲ, ಮಲಗಿದ್ರೆ ಆರೈತೆ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಗುಡ್ಡದ ಕಡೆ ನೋಡಿದೆ. ಡ್ರೈವರ್ ಲೋಟ ತೊಳೆಯತೊಡಗಿದ. ಆಡಿದ ಮಾತು ಉಳಿಸಿಕೊಳ್ಳಲೇಬೇಕಲ್ಲ, ಕರ್ಚೀಫು ಹಾಸಿ ಕೂತರು. ಕೂತು, "ನೋಡಪ್ಪ, ಬೆಚ್ಚಗೂ ಇಲ್ಲ" ಎನ್ನುವುದರೊಳಗೆ ಎದ್ದರು. ಎದ್ದರು ಅಂದರೆ ಕಡಿಮೆಯಾಯಿತು. ಕರ್ಚೀಫಿನಲ್ಲಿ ರೂಪಾಯಿಯಗಲದ ತೂತು, ಪ್ಯಾಂಟಿನ ವಿಷಯ ನಾನು ಹೇಳುವುದಿಲ್ಲ. ಆಮೇಲೆ ಅವರೇ ಓಡಿ, ಚಹಾಕ್ಕೆಂದು ಮೇಲೆ ತಂದಿದ್ದ ನೀರಿನ ಕ್ಯಾನು ಎತ್ತಿ ಪೂರ್ತಿ ಸುರಿದು, ಕೋಲಿನಿಂದ ಕೆದಕಿದರು.

ಈಗ ಅಜ್ಜ ಕೂತ. ಕಂಬಳಿ ಸರಿಮಾಡಿಕೊಂಡು ಕಲ್ಲಿಗೆ ಒರಗಿ ಕಣ್ಣು ಮುಚ್ಚಿದ. ನಾವು ಮೂವರೂ ಬಿಸಿಲಲ್ಲಿ ಉಸಿರು ಬಿಗಿಹಿಡಿದು ನಿಂತೆವು. ತುಂಬ ಹೊತ್ತಿನ ಮೇಲೆ ಸಾಹೇಬರು ಪಿಸುಗುಟ್ಟಿ ಕೇಳಿದರು, "ನಿದ್ದೆ ಬಂತಾ ಅಜ್ಜ?"

ಅಜ್ಜ ಕಣ್ಣು ತೆರೆಯಲಿಲ್ಲ. "ಅರ್ಧ ಬಂದೈತೆ. ಇನ್ನೊಂದು ಕ್ಯಾನು ತರ್ರಿ."

ಇನ್ನೊಂದು ಕ್ಯಾನು ಇದ್ದ ಜೀಪು ಗುಡ್ಡದ ಬುಡದಲ್ಲಿತ್ತು. ಸಾಹೇಬರೇ ಇಳಿದು, ಹಿಂದೆ ಫೈಲು ಅಡ್ಡ ಹಿಡಿದುಕೊಂಡೇ ಹತ್ತಿ ತಂದರು. ಹುಲ್ಲು ಉಳಿಯಿತು. ಅಜ್ಜ ಗೊರಕೆ ಹೊಡೆದ.

ಅದಕ್ಕೇ, ಗುಡ್ಡದ ಮೇಲೆ ಯಾರಾದರೂ "ಆರಿತು, ಹೋಗಾಣ" ಅಂದರೆ ಕುಂತ್ಕಳ್ರಿ ಅನ್ನಿ. ಒಲ್ಲೆ ಅಂದರೆ ಇನ್ನಷ್ಟು ನೀರು ಸುರಿದು ಕೆದಕಿ, ಬೂದಿ ತಣ್ಣಗಾಗುವ ತನಕ ಬಿಡಬೇಡಿ. ಇಷ್ಟು ಕೇಳಿದಿರಲ್ಲ, ನಾಲ್ಕು ಜನಕ್ಕೆ ಹೇಳಿ. ಸಾಹೇಬರು ಸಿಕ್ಕರೆ ಮಾತ್ರ, ನಾನಲ್ಲ, ಅಜ್ಜ ಹೇಳಿದ್ದು ಅನ್ನಿ.