ಮಾರ್ಜಿನ್ ಬಿಟ್ಟ ಕಪ್ಪೆ

ಬಿಳಿ ಕಾಗದ ಕಂಡರೆ ಒಬ್ಬೊಬ್ಬರಿಗೆ ಒಂದೊಂದು ಆಸೆ ಹುಟ್ಟುತ್ತದಂತೆ. ಕೆಲವರಿಗೆ ಪದ್ಯ ಬರೆಯೋಣ ಅನ್ನಿಸುತ್ತದೆ, ಕೆಲವರಿಗೆ ಚಿತ್ರ. ನನಗೆ ಮಾತ್ರ ಅದರ ಎಡಗಡೆ ಎರಡು ಬೆರಳಗಲ ಮಡಚಿ, ಉಗುರಿನಲ್ಲಿ ಗೀರಿ, ಬಿಡಿಸಿ, ಮಾರ್ಜಿನ್ ಮಾಡೋಣ ಅನ್ನಿಸುತ್ತದೆ. ಅರಸೀಕೆರೆಯ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿರುವುದರ ಫಲ ಇದು. ಮಾರ್ಜಿನ್ ಇರುವುದು ಮೇಲಧಿಕಾರಿಗಳು ಷರಾ ಬರೆಯಲಿ ಎಂದು, ಅದು ನನಗೂ ಗೊತ್ತು. ನನ್ನ ಬೆರಳುಗಳಿಗೆ ಗೊತ್ತಿಲ್ಲ, ಅಷ್ಟೆ. ಹೋಟೆಲಿನಲ್ಲಿ ಕೈ ಒರೆಸಿಕೊಳ್ಳಲು ಕೊಡುವ ತೆಳು ಕಾಗದಕ್ಕೂ ಮಾರ್ಜಿನ್ ಮಡಚಿಯೇ ಕೈ ಒರೆಸಿಕೊಳ್ಳುತ್ತೇನೆ. ನಿಶ್ಚಿತಾರ್ಥವಾದ ಮೇಲೆ ಸುಮಿತ್ರಾಗೆ ಬರೆದ ಮೊದಲ ಪತ್ರಕ್ಕೂ ಮಾರ್ಜಿನ್ ಬಿಟ್ಟಿದ್ದೆ. ಅವಳು ಆಗಲೇ ಶಾಲೆಯಲ್ಲಿ ಮೇಡಂ ಆಗಿದ್ದವಳು. ಆ ಮಾರ್ಜಿನ್ನಿನಲ್ಲಿ ಕೆಂಪು ಇಂಕಿನಿಂದ 'ಅಕ್ಷರ ದುಂಡಗಿದೆ. ವಿಷಯ ಸಾಲದು' ಎಂದು ಬರೆದು ಅದೇ ಪತ್ರವನ್ನು ವಾಪಸು ಕಳಿಸಿದಳು. ನನ್ನ ಮನೆಯ ಮೇಲಧಿಕಾರಿ ಯಾರು ಎಂಬುದು ಮದುವೆಗೆ ಮೊದಲೇ ತೀರ್ಮಾನವಾಗಿಹೋಯಿತು.

ಮೊನ್ನೆ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಇಳಿಯುವಾಗ ಸುಮಿತ್ರಾ ಜಾರಿ ಕೂತಳು. ಬಲಗೈ ಮಣಿಕಟ್ಟು ಉಳುಕಿ, ಕಟ್ಟು ಹಾಕಿಸಿಕೊಂಡು ಬಂದಳು. ಕಣಕಟ್ಟೆ ಕಡೆಯ ಶಾಲೆಯಲ್ಲಿ ಅವಳದು ಚಿಕ್ಕ ಮಕ್ಕಳ ಕ್ಲಾಸು. ಆ ಮಕ್ಕಳಿಗೆ ಕಾಗದದಲ್ಲಿ ಹಾರುವ ಕಪ್ಪೆ ಮಾಡುವುದನ್ನು ಕಲಿಸುತ್ತೇನೆಂದು ಮಾತು ಕೊಟ್ಟಿದ್ದಳು.

"ಏನ್ರೀ, ಶನಿವಾರ ನೀವೇ ಬರಬೇಕು ಕಣ್ರೀ," ಅಂದಳು. "ನಾನು ಬಾಯಲ್ಲಿ ಹೇಳ್ತೀನಿ, ನೀವು ಮಡಚಿ ತೋರಿಸಿ. ಈಗಾಗಲೇ ಎರಡು ಸಲ ಮುಂದಕ್ಕೆ ಹಾಕಿದೀನಿ. ಈ ಸಲವೂ ಇಲ್ಲ ಅಂದ್ರೆ ಆ ಮಕ್ಕಳು ಇನ್ನು ನನ್ನ ಮಾತು ನಂಬಲ್ಲ."

"ಕಾಗದ ಮಡಚೋದನ್ನ ನನಗೆ ಹೇಳ್ತಿದೀಯಲ್ಲ," ಅಂದೆ. "ಇಪ್ಪತ್ತಾರು ವರ್ಷದಿಂದ ನಾನು ಇನ್ನೇನು ಮಾಡಿದೀನಿ?"

ಈ ಮಾತನ್ನು ಆಡಬಾರದಿತ್ತು. ಒರಿಗಾಮಿ ಎಂದು ಫೋನಿನಲ್ಲಿ ಹುಡುಕಿದರೆ, ಹೊಸಬರಿಗೆ ಸುಲಭ ಎಂದು ಹೇಳುತ್ತಾ ಒಬ್ಬಳು ಹುಡುಗಿ ನಗುನಗುತ್ತಾ ನಾಯಿಮುಖ, ಲೋಟ, ಕಪ್ಪೆ ಎಲ್ಲವನ್ನೂ ಚಿಟಿಕೆಯಲ್ಲಿ ಮಾಡಿಬಿಡುತ್ತಾಳೆ. ಕೈ ಪಳಗಲಿ ಎಂದು ನಾಯಿಮುಖದಿಂದ ಶುರುಮಾಡಿದೆ. ನಾಯಿಯ ಎಡಗಿವಿ ಮುರಿದು ಜೋತುಬಿತ್ತು. ಲೋಟ ಮಾಡಿ ನೀರು ಹುಯ್ದೆ, ಎಡಗಡೆಯಿಂದ ಸೋರಿ ಪಂಚೆ ನೆನೆಯಿತು. ಕಪ್ಪೆಯ ಬೆನ್ನು ಒತ್ತಿ ಬಿಟ್ಟರೆ ಅದು ನೇರ ಹಾರದೆ ಎಡಕ್ಕೆ ತಿರುಗಿ ಮಂಚದ ಕೆಳಗೆ ಸೇರಿಕೊಂಡಿತು. ಕಾಗದ ಸರಿಯಿಲ್ಲ, ಫೋನು ಸರಿಯಿಲ್ಲ, ಆ ಹುಡುಗಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದೆಲ್ಲ ವಾದಿಸಿದೆ. ಸುಮಿತ್ರಾ ಕಪ್ಪೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು.

"ಇಲ್ಲಿ ನೋಡಿ. ಎಡಗಡೆ ಇದೇನ್ರೀ ಗೀರು?"

ಚೌಕದ ಕಾಗದ ತೆಗೆದುಕೊಳ್ಳಿ ಎಂದು ಹುಡುಗಿ ಹೇಳುವುದಕ್ಕೂ ಮೊದಲ ಮಡಿಕೆಗೂ ನಡುವೆ, ನನ್ನ ಕೈ ನನ್ನನ್ನು ಕೇಳದೆ ಮಾರ್ಜಿನ್ ಮಾಡಿ ಮುಗಿಸಿರುತ್ತಿತ್ತು. ಅಲ್ಲಿಂದ ಮುಂದೆ ಸುಮಿತ್ರಾ ಎಡಗೈಯಲ್ಲಿ ಮರದ ಸ್ಕೇಲು ಹಿಡಿದು ಎದುರಿಗೆ ಕೂತಳು. ಮಾರ್ಜಿನ್ನಿಗೆ ಕೈ ಹಾಕಿದಾಗಲೆಲ್ಲ ಗೆಣ್ಣಿನ ಮೇಲೆ ಒಂದು ಏಟು. ಶುಕ್ರವಾರ ಸಂಜೆ ಕೊನೆಗೂ ಒಂದೇ ಒಂದು ಕಪ್ಪೆ ನೇರವಾಗಿ ಹಾರಿತು. ಅದೂ ಕಾಗದದ ಎಡ ಅಂಚನ್ನು ಅವಳೇ ಒತ್ತಿ ಹಿಡಿದುಕೊಂಡಿದ್ದರಿಂದ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಕ್ಕಳಿಗೆ ಕೊಟ್ಟ ಮಾತನ್ನು ಅವಳು ಮುಂದಕ್ಕೆ ಹಾಕಿರಬಹುದು, ಯಾವತ್ತೂ ಮಾತಿಗೆ ತಪ್ಪಿದವಳಲ್ಲ, ಈಗ ಅದು ನನ್ನ ಈ ಹತ್ತು ಬೆರಳುಗಳ ಪಾಲಿಗೆ ಬಂದಿತ್ತು.

ಶನಿವಾರ ಬೆಳಿಗ್ಗೆ ಕಣಕಟ್ಟೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂತಿದ್ದೆ. ಕ್ಲಾಸಿನಲ್ಲಿ ಮೂವತ್ತೆರಡು ಮಕ್ಕಳು, ಮೂವತ್ತೆರಡು ಚೌಕದ ಹಾಳೆ, ನನಗೊಂದು. ಸುಮಿತ್ರಾ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೆಡ್ಮಾಸ್ಟರು ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡು ಬಾಗಿಲಿಗೆ ಬಂದು ನಿಂತರು. ಅಧಿಕಾರಿ, ರಿಜಿಸ್ಟರು, ಎದುರಿಗೆ ಬಿಳಿ ಕಾಗದ. ಕೈ ಮಡಚಿತು, ಉಗುರು ಗೀರಿತು. ನನ್ನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ ಮೂವತ್ತೆರಡು ಮಕ್ಕಳೂ ಮಡಚಿ, ನಾಲಿಗೆ ಕಚ್ಚಿಕೊಂಡು ಉಗುರಿನಲ್ಲಿ ಗೀರಿದರು. ಸುಮಿತ್ರಾ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಬೇರೆ ಹಾಳೆ ಇರಲಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಮಡಚುತ್ತಾ ಹೋದೆ. ಕಪ್ಪೆಗಳನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ ಮಕ್ಕಳೆಲ್ಲ ಒಟ್ಟಿಗೆ ಬೆನ್ನು ಒತ್ತಿ ಬಿಟ್ಟರು. ಮೂವತ್ತೆರಡು ಕಪ್ಪೆಗಳೂ ಎಡಕ್ಕೆ ಹಾರಿದವು. ಅವಳ ಮಾತು ನನ್ನಿಂದ ಹೋಯಿತಲ್ಲ ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ಮಿಸ್, ಎಲ್ಲಾವೂ ಒಂದೇ ಕಡೀಕೆ ಹೋಯ್ತವೆ," ಅಂತ ಒಬ್ಬಳು ಹುಡುಗಿ ಅನುಮಾನ ಎತ್ತಿದಳು.

"ಆ ಕಡೀಕೆ ನೀರಿನ ತೊಟ್ಟಿ ಐತಲ್ಲ ಕಣೇ," ಅಂದಳು ಪಕ್ಕದವಳು. "ಕಪ್ಪೆ ಇನ್ನೆಲ್ಲಿಗೆ ಹೋಯ್ತದೆ?"

ಅದು ಎಲ್ಲರಿಗೂ ಸರಿಯೆನ್ನಿಸಿತು. ಊಟದ ಬೆಲ್ಲು ಹೊಡೆಯುವವರೆಗೂ ಜಗಲಿಯ ಮೇಲೆ ಬೋರಲು ಮಲಗಿ ಕಪ್ಪೆಗಳನ್ನು ತೊಟ್ಟಿಯ ಕಡೆಗೆ ಹಾರಿಸಿದರು. ನನಗಾದ ಸಂತೋಷಕ್ಕೆ ವಾಪಸು ಬರುವಾಗ ಬಸ್ ಟಿಕೆಟ್ಟಿಗೂ ಮಾರ್ಜಿನ್ ಮಡಚಿದೆ.

ಸೋಮವಾರ ಸಂಜೆ ಸುಮಿತ್ರಾ ಒಂದು ಕಟ್ಟು ಹಾಳೆ ತಂದು ನನ್ನ ಮುಂದೆ ಇಟ್ಟಳು. ಮಕ್ಕಳಿಗೆ ಕಪ್ಪೆಯ ಚಿತ್ರ ಬರೆಯಲು ಕೊಟ್ಟಿದ್ದಳಂತೆ. ಎಲ್ಲ ಹಾಳೆಯ ಎಡಗಡೆಯೂ ಎರಡು ಬೆರಳಗಲದ ಅಚ್ಚುಕಟ್ಟಾದ ಮಡಿಕೆ.

"ಕಪ್ಪೆ ಮಡಚೋದು ಒಬ್ಬರಿಗೂ ನೆನಪಿಲ್ಲ ಕಣ್ರೀ," ಅಂದಳು. "ಇದನ್ನ ಮಾತ್ರ ಒಬ್ಬರೂ ಮರೆತಿಲ್ಲ."

ಆಮೇಲೆ, ಯಾವುದೋ ಮಗು ಮಡಿಕೆ ಮಾತ್ರ ಹಾಕಿ ಖಾಲಿ ಬಿಟ್ಟಿದ್ದ ಕೊನೆಯ ಹಾಳೆಯ ಮಾರ್ಜಿನ್ನಿನಲ್ಲಿ, ಎಡಗೈಯಿಂದ ಕೆಂಪು ಇಂಕಿನಲ್ಲಿ ಸೊಟ್ಟಸೊಟ್ಟಗೆ ಬರೆದಳು: 'ಒಂದೇ ಬೆಳಿಗ್ಗೆ ಮೂವತ್ತೆರಡು ಗುಮಾಸ್ತರು ತಯಾರಾಗಿದ್ದಾರೆ. ವಿವರಣೆ ಕೊಡಿ.'

ಮೇಲಧಿಕಾರಿಗಳು ಕೇಳಿದ ಮೇಲೆ ಕೊಡದಿರಲಾಗುವುದೇ. ಒಂದು ಹೊಸ ಹಾಳೆ ತೆಗೆದುಕೊಂಡು, ಎಡಗಡೆ ಎರಡು ಬೆರಳಗಲ ಮಡಚಿ, ಉಗುರಿನಲ್ಲಿ ಗೀರಿ, ಬರೆಯಲು ಕೂತೆ.