ಇನ್ನೂರೈವತ್ತಾರಕ್ಕೆ ಅರವತ್ತೆರಡು

ಅಂದು ಬೆಳಿಗ್ಗೆ ಪರಮಶಿವಯ್ಯನವರು ಕಂಪ್ಯೂಟರಿನ ಪರದೆಯ ಮೇಲೆ ಅರವತ್ತೆರಡು ಎಂಬ ಅಂಕಿಯನ್ನು ನೋಡದೇ ಇದ್ದಿದ್ದರೆ, ಬನಶಂಕರಿ ಎರಡನೇ ಹಂತದ ಆ ಬೀದಿಯವರೆಲ್ಲ ಇನ್ನೂ ಒಂದಷ್ಟು ಕಾಲ ಸುಖವಾಗಿರುತ್ತಿದ್ದರು.

ನೋಡುವಂತಾಗಿದ್ದು ಅವರ ಹೆಂಡತಿ ಕಮಲಾದೇವಿಯವರ ತಂಗಿ ಪಂಕಜಾಳಿಂದ. ಮೈಸೂರಿನ ಮಹಿಳಾ ಸಮಾಜದ ವಾರ್ಷಿಕೋತ್ಸವದಲ್ಲಿ ಪಂಕಜಾಳ ಹಾಡುಗಾರಿಕೆ ಇತ್ತು. ಸಮಾರಂಭದ ವಿಡಿಯೋವನ್ನು ಅವಳ ಮಗ ಇಂಟರ್‌ನೆಟ್ಟಿಗೆ ಹಾಕಿ ಲಿಂಕ್ ಕಳಿಸಿದ್ದ. ಸಂಜೆ ಆರಕ್ಕೆ ಫೋನ್ ಮಾಡಿ ಹೇಗಿತ್ತು ಅಂತ ಕೇಳುವುದಾಗಿ ಪಂಕಜಾ ಹೇಳಿದ್ದಳು.

"ಹೋದ ಸಲ ನೋಡ್ಲಿಲ್ಲ ಅಂತ ಆರು ತಿಂಗಳು ಮಾತು ಬಿಟ್ಟಿದ್ಲು. ಈ ಸಲ ನೋಡ್ಲೇಬೇಕು ಕಣ್ರೀ," ಎಂದರು ಕಮಲಾದೇವಿ.

ಪರಮಶಿವಯ್ಯನವರು ಹತ್ತು ಗಂಟೆಗೆ ಡೌನ್‌ಲೋಡ್ ಒತ್ತಿದರು. ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು ಎಂದಿತು ಪರದೆ. ಅದರ ಕೆಳಗೆ ವೇಗ ಅರವತ್ತೆರಡು ಎಂದಿತ್ತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇಂಟರ್‌ನೆಟ್ ಕೊಡುವ ಮಿಂಚುಬಳ್ಳಿ ಕಂಪನಿಯವರು ಮಾಡಿಕೊಟ್ಟಿದ್ದು ಇನ್ನೂರೈವತ್ತಾರರ ಪ್ಲಾನು.

ಇದೇ ಬೇರೆ ಯಾರಾದರೂ ಆಗಿದ್ದರೆ ಕಾಫಿ ಕುಡಿದು ಮರೆತುಬಿಡುತ್ತಿದ್ದರೇನೋ. ಆದರೆ ಪರಮಶಿವಯ್ಯನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್ಸ್‌ಪೆಕ್ಟರಾಗಿದ್ದವರು. ಅವರ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಅಂಗಡಿಯವರು ತಕ್ಕಡಿಯ ತಳಕ್ಕೆ ಅಂಟಿಸಿದ್ದ ಹುಣಸೆಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಿವೃತ್ತರಾಗಿ ಐದು ವರ್ಷವಾಗಿತ್ತು. ಅಷ್ಟು ದಿನದಿಂದ ಒಬ್ಬ ಕಳ್ಳನೂ ಸಿಕ್ಕದೆ ಅವರಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಪಕ್ಕದ ಮನೆಯ ಪಾಪಯ್ಯನವರು ಕಾಂಪೌಂಡಿನಾಚೆಯಿಂದ ಕತ್ತು ಚಾಚಿದರು. "ಏನ್ ಸಾರ್, ಮುಖ ಕೆಂಪಗಾಗಿದೆ?"

"ಸೇರು ಅಂತ ಹೇಳಿ ಪಾವು ಅಳೆದು ಕೊಡ್ತಿದ್ದಾರೆ ಪಾಪಯ್ಯನೋರೇ. ಪಾವೂ ಪೂರ್ತಿ ಇಲ್ಲ."

ಪಾಪಯ್ಯ ಒಳಗೆ ಓಡಿ ತಮ್ಮ ಕಂಪ್ಯೂಟರ್ ನೋಡಿಕೊಂಡು ಬಂದರು. ಅರವತ್ತೊಂದು. ಎದುರು ಮನೆಯ ಚೂಡಾಮಣಿ ಮೇಡಂ ಮಗಳಿಗೆ ಗಂಡು ಹುಡುಕುತ್ತ ಇಡೀ ದಿನ ಇಂಟರ್‌ನೆಟ್ಟಿನಲ್ಲೇ ಇರುವವರು. ಅವರದೂ ಅರವತ್ತೆರಡು. "ಅದಕ್ಕೇ ಸಾರ್, ಒಳ್ಳೊಳ್ಳೆ ವರಗಳೆಲ್ಲ ಫೋಟೋ ಬರೋ ಅಷ್ಟರಲ್ಲಿ ಫಿಕ್ಸ್ ಆಗೋಗ್ತಿವೆ," ಎಂದು ಅವರು ನಿಟ್ಟುಸಿರು ಬಿಟ್ಟರು.

ಹನ್ನೊಂದೂವರೆಗೆ ದೂರಿನ ಅರ್ಜಿ ಸಿದ್ಧವಾಯಿತು. ಇಪ್ಪತ್ತೆರಡು ಮನೆಯವರು ಸಹಿ ಹಾಕಿದರು. ಹಾಕದವನು ಒಬ್ಬನೇ, ಪರಮಶಿವಯ್ಯನವರ ಮಹಡಿಯಲ್ಲಿ ಬಾಡಿಗೆಗಿದ್ದ ಮೌನೇಶ. ಕೊಪ್ಪಳದ ಕಡೆಯವನು, ಕಂಪ್ಯೂಟರ್ ರಿಪೇರಿ ಕೆಲಸದವನು.

"ಬ್ಯಾಡ್ರಿ ಸರ್. ಇದ್ದಂಗ ಇರ್ಲಿ ಬಿಡ್ರಿ," ಎಂದ.

"ಯಾಕಪ್ಪಾ? ಕಾರಣ ಹೇಳು."

"ಹೇಳಿದ್ರ ನೀವು ಸುಮ್ನ ಇರೂದಿಲ್ರಿ."

ಇವನು ಕಂಪನಿಯ ಕಡೆಯವನಿರಬೇಕು ಎಂದುಕೊಂಡ ಪರಮಶಿವಯ್ಯನವರು ಅರ್ಜಿಯ ಕೊನೆಗೆ ಖಾರವಾಗಿ ಇನ್ನೊಂದು ಸಾಲು ಸೇರಿಸಿದರು: "ಹೇಳಿದ ಅಳತೆಗಿಂತ ಗುಲಗಂಜಿಯಷ್ಟು ಕಡಿಮೆಯೂ ಕೂಡದು, ಹೆಚ್ಚೂ ಕೂಡದು."

"ನೀವು ಮುಂದೆ ನಡೀರಿ ಸಾರ್, ನಾವೆಲ್ಲ ಹಿಂದೆ ಇದ್ದೀವಿ," ಎಂದರು ಪಾಪಯ್ಯ. ಆಟೋ ಹೊರಟ ಮೇಲೆ ತಿರುಗಿ ನೋಡಿದರೆ ಅವರು ಹಿಂದೆಯೇ ಇದ್ದರು, ತಮ್ಮ ಗೇಟಿನ ಹತ್ತಿರ.

ಜಯನಗರ ನಾಲ್ಕನೇ ಬ್ಲಾಕಿನ ಕಚೇರಿಯ ಕೌಂಟರಿನಲ್ಲಿ ಧೃತಿ ಎಂಬ ಹುಡುಗಿ ಕೂತಿದ್ದಳು. ಅರ್ಜಿಯನ್ನು ಪೂರ್ತಿ ಓದಿ, ನಗದೆ ಕೇಳಿದಳು. "ಸಾರ್, ಅರವತ್ತೆರಡು ಏನು?"

"ಏನು ಅಂದ್ರೆ? ಅರವತ್ತೆರಡು."

"ಕಿಲೋಬಿಟ್ಟಾ, ಕಿಲೋಬೈಟಾ? ಪ್ಲಾನ್ ಹೇಳೋವಾಗ ನಾವು ಬಿಟ್ ಲೆಕ್ಕದಲ್ಲಿ ಹೇಳ್ತೀವಿ. ಡೌನ್‌ಲೋಡ್ ಮಾಡೋವಾಗ ನಿಮ್ ಕಂಪ್ಯೂಟರ್ ಬೈಟ್ ಲೆಕ್ಕದಲ್ಲಿ ತೋರ್ಸುತ್ತೆ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್ ಸಾರ್."

ಪರಮಶಿವಯ್ಯನವರ ಕಿವಿ ಬಿಸಿಯಾಯಿತು. ಸರ್ವೀಸಿನಲ್ಲಿ ಒಂದು ದಿನವೂ ಮಾನ ಯಾವುದು ಎಂದು ಕೇಳದೆ ಅವರು ಅಳತೆ ಮಾಡಿದವರಲ್ಲ. ಇಂಥ ತಪ್ಪನ್ನು ಅವರ ಕೈಕೆಳಗಿನ ಗುಮಾಸ್ತ ಮಾಡಿದ್ದರೆ ಮೆಮೋ ಕೊಡುತ್ತಿದ್ದರು. "ಅಂದ್ರೆ ನೀವು ಪಾವಿನಲ್ಲಿ ಹೇಳ್ತೀರಿ, ಅದು ಕೊಳಗದಲ್ಲಿ ಅಳೆಯುತ್ತೆ," ಎಂದರು ಮೆಲ್ಲಗೆ. "ಹಾಗಾದ್ರೆ ಇನ್ನೂರೈವತ್ತಾರಕ್ಕೆ ಎಷ್ಟು ಬರ್ಬೇಕಮ್ಮ?"

"ಮೂವತ್ತೆರಡು ಸಾರ್."

ಪರಮಶಿವಯ್ಯನವರು ಮನಸ್ಸಿನಲ್ಲೇ ಅರವತ್ತೆರಡನ್ನು ಎಂಟರಿಂದ ಗುಣಿಸಿದರು. ನಾನೂರತೊಂಬತ್ತಾರು ಬಂತು. ಧೃತಿ ಅಷ್ಟರಲ್ಲಿ ಕೀಲಿಮಣೆ ಕುಟ್ಟತೊಡಗಿದ್ದಳು.

"ಅಯ್ಯೋ, ನಿಮ್ ಬೀದಿ ಪೂರ್ತಿ ತಪ್ಪಾಗಿ ಐನೂರಹನ್ನೆರಡಕ್ಕೆ ಹಾಕಿಬಿಟ್ಟಿದ್ದಾರೆ ಸಾರ್. ಹೋದ ವರ್ಷದಿಂದ ಡಬಲ್ ಹೋಗ್ತಿದೆ. ನೀವು ಬರ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

ಪರಮಶಿವಯ್ಯನವರ ಕೈ ತಾನಾಗಿಯೇ ಅರ್ಜಿಯ ಕಡೆ ಚಾಚಿತು. "ಹಂಗಾದ್ರೆ ಇರ್ಲಿ ಬಿಡಮ್ಮ. ದೂರೇನೂ ಇಲ್ಲ. ವಾಪಸ್ ತಗೊಂಡು ಹೋಗ್ತೀನಿ."

ಧೃತಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಹೆಚ್ಚೂ ಕೂಡದು ಅಂತ ನೀವೇ ಬರ್ದಿದ್ದೀರಲ್ಲ ಸಾರ್. ಇಂಥ ಕಸ್ಟಮರ್‌ನ ನಾನು ನೋಡೇ ಇಲ್ಲ." ಅವಳ ದನಿಯಲ್ಲಿ ನಿಜವಾದ ಗೌರವವಿತ್ತು. ಆ ಗೌರವದ ಎದುರು ಇನ್ಸ್‌ಪೆಕ್ಟರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅವಳು ಒಂದು ಗುಂಡಿ ಒತ್ತಿದಳು.

ಮನೆಗೆ ಬಂದಾಗ ಅರ್ಧದಲ್ಲಿ ನಿಂತುಹೋಗಿದ್ದ ಡೌನ್‌ಲೋಡನ್ನು ಕಮಲಾದೇವಿ ಮೊದಲಿಂದ ಶುರು ಮಾಡಿದ್ದರು. ವೇಗ ಮೂವತ್ತೊಂದು. ಗೇಟಿನಲ್ಲಿ ಪಾಪಯ್ಯ ಕಾದಿದ್ದರು. "ಏನಂದ್ರು ಸಾರ್?"

"ಸರಿ ಮಾಡಿದ್ರು," ಎಂದರು ಪರಮಶಿವಯ್ಯ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚೂಡಾಮಣಿ ಮೇಡಂ ಸಂತೋಷಕ್ಕೆ ಕೇಸರಿಬಾತ್ ಮಾಡಿ ಕಳಿಸಿದರು. ಪರಮಶಿವಯ್ಯನವರು ಅದನ್ನು ಹಾಗೇ ಮುಚ್ಚಿಟ್ಟರು.

ನಾಲ್ಕು ಗಂಟೆಗೆ ಬೀದಿಯಲ್ಲಿ ಗುಸುಗುಸು ಶುರುವಾಯಿತು. "ಸಾರ್, ನಂದು ಮೂವತ್ತಕ್ಕೆ ಇಳಿದಿದೆ," ಎಂದು ಬಂದರು ಪಾಪಯ್ಯ. "ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸ್ಕೋತಿದ್ದಾರೆ. ನಾಳೆ ಎಲ್ಲ ಒಟ್ಟಿಗೆ ಹೋಗೋಣ, ನೀವೇ ಲೀಡರ್." ಪರಮಶಿವಯ್ಯನವರು ತಲೆನೋವು ಎಂದು ಒಳಗೆ ಹೊರಟರು. ಮಹಡಿಯಿಂದ ಮೌನೇಶ ಇಣುಕಿ, "ನನಗ ಮೊದಲ ಗೊತ್ತಿತ್ರಿ ಸರ್," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ.

ಆರಕ್ಕೆ ಸರಿಯಾಗಿ ಫೋನ್ ಬಂತು. ವಿಡಿಯೋ ಇನ್ನೂ ಇಳಿಯುತ್ತಲೇ ಇತ್ತು. ಕಮಲಾದೇವಿ ಧೈರ್ಯ ಮಾಡಿದರು. "ಕಲ್ಯಾಣಿ ಅಂತೂ ಸಖತ್ತಾಗಿ ಹಾಡಿದ್ದೀಯ ಕಣೆ."

"ಅಕ್ಕ, ಅವತ್ತು ನಂಗೆ ಗಂಟಲು ಕಟ್ಟಿತ್ತು. ನಾನು ಹಾರ್ಮೋನಿಯಂ ಅಷ್ಟೇ ನುಡಿಸಿದ್ದು," ಎಂದು ಪಂಕಜಾ ಫೋನ್ ಇಟ್ಟಳು.

ಕಮಲಾದೇವಿ ಗಂಡನ ಕಡೆ ತಿರುಗುವಷ್ಟರಲ್ಲಿ ಹೊರಗೆ ಸೈಕಲ್ ಗಂಟೆ ಕೇಳಿಸಿತು. ಕಂಪನಿಯ ಲೈನ್‌ಮನ್ ಮನೆಮನೆಗೂ ಒಂದು ಚೀಟಿ ಹಂಚುತ್ತಿದ್ದ. ಬೀದಿದೀಪದ ಕೆಳಗೆ ನಿಂತು ಪಾಪಯ್ಯ ಅದನ್ನು ಗಟ್ಟಿಯಾಗಿ ಓದತೊಡಗಿದರು:

"ಮಾನ್ಯ ಗ್ರಾಹಕರೇ, ನಿಮ್ಮ ಬೀದಿಯ ಹಿರಿಯರಾದ ಶ್ರೀ ಪರಮಶಿವಯ್ಯನವರು ಲಿಖಿತವಾಗಿ ಕೋರಿದ ಮೇರೆಗೆ, ಇದುವರೆಗೆ ತಪ್ಪಾಗಿ ನೀಡಲಾಗುತ್ತಿದ್ದ ದುಪ್ಪಟ್ಟು ವೇಗವನ್ನು ಇಂದಿನಿಂದ ನಿಲ್ಲಿಸಲಾಗಿದೆ. ಅವರ ಪ್ರಾಮಾಣಿಕತೆ ಎಲ್ಲ ಗ್ರಾಹಕರಿಗೂ ಮಾದರಿಯಾಗಲಿ."

ಓದು ನಿಂತಿತು. ಒಂದು ಗೇಟು ಕಿರ್ರೆಂದಿತು. ಆಮೇಲೆ ಇನ್ನೊಂದು. ಪರಮಶಿವಯ್ಯನವರು ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ನೋಡಿದರು. ಇಪ್ಪತ್ತೆರಡು ಮನೆಯವರೂ ಬಂದಂತಿತ್ತು. ಎಲ್ಲರ ಕೈಯಲ್ಲೂ ಚೀಟಿ.

"ಯಾರ್ರೀ ಅದು ಬಾಗಿಲಲ್ಲಿ?" ಎಂದರು ಕಮಲಾದೇವಿ.

"ಯಾರೂ ಇಲ್ಲ ಕಣೆ," ಎಂದು ಅವರು ಮೆಲ್ಲಗೆ ದೀಪ ಆರಿಸಿದರು.